ಕೊಡೆಯಮ್ಮ ಮನೆಗೆ ಹೋಗದ ಸಂಜೆ

ಫೆಬ್ರುವರಿ 4, ಮಂಗಳವಾರ

ಹಾಲು ಉಕ್ಕಿಸಿದೆ. ಈ ವಾರ ಎರಡನೇ ಸಲ. ಒಲೆ ಒರೆಸಿ, ಬಟ್ಟೆ ಒಣಹಾಕಿ, ಪೇಪರಿನ ಮೊದಲ ಪುಟ ಮುಗಿಸುವಷ್ಟರಲ್ಲಿ ಮಗಳು ಹೊರಟು ನಿಂತಿದ್ದಳು. ಟಿವಿ ಕೆಳಗೆ ಒಂದು ಕರಿ ಡಬ್ಬಿ. ನಿನ್ನೆ ಅದಕ್ಕೆ ವೈರು ಸಿಕ್ಕಿಸುತ್ತಿದ್ದಳು, ಏನೆಂದು ಕೇಳಿರಲಿಲ್ಲ. ಎರಡು ಕೊಂಬಿನ ರಿಮೋಟ್ ಒಂದನ್ನು ನನ್ನ ಕೈಗಿಟ್ಟು, ದಿನಾ ಸ್ವಲ್ಪ ಹೊತ್ತು ಆಡಬೇಕು, ಎಲ್ಲಿ ಕೆಟ್ಟಿದೆಯೋ ಸಂಜೆ ತನಗೆ ಹೇಳಬೇಕು ಎಂದಳು.

ಅವಳ ಕೆಲಸವೇ ಅದು. ವಿಡಿಯೋ ಗೇಮ್ ಮಾಡುವ ಪುಟ್ಟ ಕಂಪನಿ, ಹಲ್ಲಿನ ಡಾಕ್ಟರ ಮೇಲಿನ ಮಹಡಿಯಲ್ಲಿ ಎರಡು ರೂಮು. ಉಳಿದವರು ಗೇಮ್ ಕಟ್ಟುತ್ತಾರೆ, ಇವಳು ಒಡೆದು ನೋಡುತ್ತಾಳೆ. ಟೆಸ್ಟರ್. ತಪ್ಪಿಗೆ ಅವರು ಬಗ್ ಎನ್ನುತ್ತಾರೆ. ಗೇಮಿನ ಗಂಧಗಾಳಿ ಇಲ್ಲದವರು ಆಡಿದರೆ ಹೊಸ ಹೊಸ ಬಗ್ ಸಿಗುತ್ತವಂತೆ. ಇಡೀ ಊರಲ್ಲಿ ನಿನ್ನಷ್ಟು ಏನೂ ತಿಳಿಯದವರು ಸಿಗಲಿಲ್ಲ ಅಪ್ಪಾ ಎಂದಳು. ಹೊಗಳಿಕೆಯೋ ಬೈಗುಳವೋ... ಎರಡೂ ಇರಬೇಕು. ಅವಳಮ್ಮನ ನಾಲಿಗೆ.

ಮಧ್ಯಾಹ್ನ 3

ಆಡಿದೆ. ಜೀವ ಬಾಯಿಗೆ ಬಂತು.

ಆಟದಲ್ಲಿ ನಾನು ದೀಪ ಹಚ್ಚುವವನು. ಹಳೆ ಕಾಲದ ಊರು, ಕಲ್ಲು ಹಾಸಿದ ಬೀದಿ, ಕೈಯಲ್ಲಿ ಉದ್ದನೆ ಕೋಲು. ಸಂಜೆಯಾದರೆ ಕಂಬದಿಂದ ಕಂಬಕ್ಕೆ ಹೋಗಿ ದೀಪ ಹಚ್ಚಬೇಕು. ಕೆಳಗಿನ ಗುಂಡಿ ಒತ್ತಿದರೆ ದೀಪ. ಮೇಲಿನ ಗುಂಡಿ ಒತ್ತಿದರೆ ಅದೇ ಕೋಲಿನಿಂದ ಬಾಗಿಲು ತಟ್ಟಿ ಮನೆಯವರನ್ನು ಕರೆಯುವುದು. ಜನರೆಲ್ಲ ಮನೆ ಸೇರಿದರೆ ಆ ಸಂಜೆ ಮುಗಿಯಿತು, ಮುಂದಿನ ಸಂಜೆ ಶುರು. ಇಷ್ಟೇನಾ ಎಂದುಕೊಂಡು ಸೇತುವೆ ಮೇಲೆ ಕಾಲಿಟ್ಟೆ — ನೆಲವೇ ಇಲ್ಲ. ಸೇತುವೆಯೊಳಗಿಂದ ಜಾರಿ, ನದಿಯೊಳಗಿಂದ ಜಾರಿ, ಊರಿನ ಅಡಿಗೆ. ಕತ್ತೆತ್ತಿದರೆ ಮನೆಗಳ ತಳ ಕಾಣುತ್ತಿದೆ. ಬೀಳುತ್ತಲೇ ಇದ್ದೇನೆ. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಟಿವಿ ಆಫ್ ಮಾಡಿ ನೀರು ಕುಡಿದೆ.

ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರ್ ದಂಗುಬಡಿಯುವುದಕ್ಕೆ ಒಂದು ಶಬ್ದ ಕಲಿಸಿದ್ದರು. ಫ್ಲಾಬರ್‌ಗ್ಯಾಸ್ಟೆಡ್. ಇಷ್ಟು ವರ್ಷ ಉಪಯೋಗಿಸುವ ಸಂದರ್ಭವೇ ಬಂದಿರಲಿಲ್ಲ. ಇವತ್ತು ಬಂತು. ಐ ವಾಸ್ ಫ್ಲಾಬರ್‌ಗ್ಯಾಸ್ಟೆಡ್.

ಫೆಬ್ರುವರಿ 6, ಗುರುವಾರ

ಸಂಜೆ ಚಹಾದ ಜೊತೆ ವರದಿ ಒಪ್ಪಿಸಿದೆ. ಬೇಕರಿಯವನ ಗಡ್ಡ ಅವನಿಗಿಂತ ಒಂದು ಗೇಣು ಮುಂದೆ ನಡೆಯುತ್ತದೆ. ಬೆಕ್ಕು ಗೋಡೆಯಲ್ಲಿ ಅರ್ಧ ಸಿಕ್ಕಿಕೊಂಡಿದೆ, ಆದರೂ ಬಾಲ ಅಲ್ಲಾಡಿಸುತ್ತಿದೆ. ಗೋಪುರದ ಗಡಿಯಾರ ಹಿಂದಕ್ಕೆ ಓಡುತ್ತದೆ. ಬೀದಿ ತುದಿಯ ಮನೆಯ ಮೇಲಿನ ಕಿಟಕಿಯಲ್ಲಿ ಒಂದು ಗಂಡಸಿನ ನೆರಳು ಅಂಟಿಕೊಂಡಿದೆ, ಮೊದಲ ಸಂಜೆಯಿಂದ ಕದಲಿಲ್ಲ.

ಮಗಳು ಎಲ್ಲವನ್ನೂ ಫೋನಿಗೆ ಹಾಕಿಕೊಂಡಳು, ನೆರಳೊಂದನ್ನು ಬಿಟ್ಟು. ಅದು ಬಗ್ ಅಲ್ಲ, ಬೇಕೆಂದೇ ಇಟ್ಟದ್ದು, ಮುಂದೆ ಗೊತ್ತಾಗುತ್ತದೆ ಎಂದಳು. ನಾನು ಒಪ್ಪಲಿಲ್ಲ. ಕೆಟ್ಟ ಮಾಲು ಕೆಟ್ಟ ಮಾಲೇ.

ನನಗೆ ಇದೇನು ಹೊಸದೇ. ಕಪ್-ಸಾಸರಿನ ಕಾರ್ಖಾನೆಯಲ್ಲಿ ಚೆಕಿಂಗ್ ಮಾಡಿಯೇ ಕೂದಲು ನೆರೆಸಿದವನು. ಭಟ್ಟಿಯಿಂದ ಬಂದ ಪ್ರತಿ ಕಪ್ಪಿಗೂ ಮರದ ಕಡ್ಡಿಯಿಂದ ಒಂದು ತಟ್ಟು. ಠಣ್ ಎಂದರೆ ಪಾಸ್. ಠಕ್ ಎಂದರೆ ಒಳಗೆಲ್ಲೋ ಬಿರುಕು. ಬಣ್ಣ ಕದಡಿದ್ದು, ಕಿವಿ ಸೊಟ್ಟಗಾದದ್ದು ಸೆಕೆಂಡ್ಸ್ ಎಂದು ನಮಗೇ ಅಗ್ಗಕ್ಕೆ ಕೊಡುತ್ತಿದ್ದರು. ಮನೆ ತುಂಬ ಅವೇ. ನನ್ನಾಕೆ ಅಂಥವನ್ನೇ ಆರಿಸಿ ತರಿಸಿಕೊಳ್ಳುತ್ತಿದ್ದಳು. ಅವಳ ಕಪ್ಪಿನ ಮೈಯಲ್ಲಿ ಒಂದು ಗುಳಿ, ಭಟ್ಟಿಗೆ ಹೋಗುವ ಮೊದಲೇ ಯಾರದೋ ಕೈ ಒತ್ತಿದ್ದು. ಅದು ಹೆಬ್ಬೆರಳಿನ ಕುರ್ಚಿ ಎನ್ನುತ್ತಿದ್ದಳು. ಈಗ ಅದರಲ್ಲಿ ಯಾರೂ ಕುಡಿಯುವುದಿಲ್ಲ. ನನಗೋ, ಯಾರ ಮನೆಯಲ್ಲಿ ಚಹಾ ಕೊಟ್ಟರೂ ಮೊದಲು ಉಗುರಿನಿಂದ ತಟ್ಟಿ ನೋಡುವ ರೋಗ. ಆಮೇಲೆ ಚಹಾ ಹೇಗಿತ್ತೆಂದು ಕೇಳಿದರೆ ನೆನಪಿರುವುದಿಲ್ಲ.

ಇದನ್ನು ಹೇಳಿದರೆ ಮಗಳು ನಗಲಿಲ್ಲ. ತಾನೂ ಈ ಕೆಲಸಕ್ಕೆ ಸೇರಿದ ಮೇಲೆ ಒಂದೇ ಒಂದು ಗೇಮನ್ನೂ ಖುಷಿಗೆಂದು ಆಡಿಲ್ಲವಂತೆ. "ಎಲ್ಲಿ ನೋಡಿದ್ರೂ ಹೊಲಿಗೆನೇ ಕಾಣುತ್ತಪ್ಪಾ, ಬಟ್ಟೆ ಕಾಣಲ್ಲ," ಎಂದಳು. ಬೆಚ್ಚಿಬಿದ್ದೆ. ಚಿಕ್ಕಂದಿನಲ್ಲಿ ಊಟಕ್ಕೆ ಕರೆದರೂ ಏಳದೆ ಆಡುತ್ತಿದ್ದವಳು. ಅವಳಮ್ಮ ಪ್ಲಗ್ಗೇ ಕಿತ್ತುಹಾಕಬೇಕಿತ್ತು.

ಫೆಬ್ರುವರಿ 11, ಮಂಗಳವಾರ. ಸಂಜೆ 4

 

ನಾಲ್ಕನೇ ಸಂಜೆಗೆ ಬಂದಿದ್ದೆ. ಅದೇ ಬೀದಿ ತುದಿಯ ಮನೆ, ಬಾಗಿಲ ಪಕ್ಕದಲ್ಲಿ ದೀಪದ ಕಂಬ. ಕಂಬದ ಕೆಳಗೆ ಹೊಸದಾಗಿ ಒಬ್ಬ ಹೆಂಗಸು ತಳ್ಳುಗಾಡಿಯಲ್ಲಿ ಕೊಡೆ ಇಟ್ಟುಕೊಂಡು ಕೂತಿದ್ದಾಳೆ. ಕೊಡೆಯಮ್ಮ ಎಂದು ಹೆಸರಿಟ್ಟೆ. ನಡುವಯಸ್ಸು, ಎತ್ತರದ ಆಳು, ಬಿಗುಮಾನದ ಮುಖ. ದೀಪ ಹಚ್ಚಿದರೆ ಅವಳು ಗಾಡಿ ಬಿಟ್ಟು ಆ ಮನೆಯೊಳಗೆ ಹೋಗಬೇಕು. ಎಂದಿನಂತೆ ಮೊದಲು ಕಂಬಕ್ಕೆ ಒಂದು ತಟ್ಟು ತಟ್ಟಿದೆ. ಎಲ್ಲ ಕಂಬಕ್ಕೂ ತಟ್ಟಿಯೇ ಹಚ್ಚುವುದು ನಾನು. ತಟ್ಟುವ ಗುಂಡಿ ಬಾಗಿಲಿಗೆ ಮಾತ್ರ ಎಂದು ಮಗಳು ಹೇಳಿದ್ದಳು, ಕೈ ಕೇಳಬೇಕಲ್ಲ. ತಟ್ಟಿದೆ, ಹಚ್ಚಿದೆ, ಮುಂದೆ ಹೋದೆ.

ಹಿಂದೆ ಹೆಜ್ಜೆಯ ಸದ್ದು.

ತಿರುಗಿದರೆ ಕೊಡೆಯಮ್ಮ. ನಾನು ನಿಂತೆ. ಅವಳೂ ನಿಂತಳು. ನಡೆದೆ. ನಡೆದಳು. ಓಡಿದೆ — ಎಡಗಾಲು ನೆಲದೊಳಗೆ ಹುಗಿದುಕೊಂಡು, ಕೊಡೆ ಗೋಡೆಗಳನ್ನು ಸೀಳಿಕೊಂಡು, ಅವಳೂ ಓಡಿ ಬಂದಳು. ರಿಮೋಟ್ ಕೆಳಗೆ ಬಿತ್ತು. ಹಗಲಿನಲ್ಲಿ, ನನ್ನದೇ ಕುರ್ಚಿಯಲ್ಲಿ ಕೂತು, ಹಿಂದೆ ತಿರುಗಿ ಬಾಗಿಲು ನೋಡಿದೆ, ಯಾರಾದರೂ ನಿಂತಿದ್ದಾರೇನೋ ಎಂದು.

ಮಗಳಿಗೆ ಹೇಳಬೇಕು.

ಫೆಬ್ರುವರಿ 12

ನಿನ್ನೆ ಹೇಳಲಿಲ್ಲ. ಅವಳು ಸುಸ್ತಾಗಿ ಬಂದಿದ್ದಳು.

ಫೆಬ್ರುವರಿ 15, ಶನಿವಾರ

ಒಂದು ವಿಷಯ. ಕೊಡೆಯಮ್ಮ ಮನೆ ಸೇರದಿದ್ದರೆ ಸಂಜೆ ಮುಗಿಯುವುದಿಲ್ಲ. ಎಲ್ಲ ದೀಪ ಹಚ್ಚಿಯಾಗಿದೆ, ಬೇರೆಯವರೆಲ್ಲ ಒಳಗೆ. ಆಕಾಶ ಅದೇ ಬಣ್ಣದಲ್ಲಿ ನಿಂತುಬಿಡುತ್ತದೆ, ಎಳೆ ಕಿತ್ತಳೆ ಬಣ್ಣ. ಖಾಲಿ ಬೀದಿ. ನಾನು, ನನ್ನ ಹಿಂದೆ ಎರಡು ಹೆಜ್ಜೆ ಬಿಟ್ಟು ಅವಳು. ಎಷ್ಟು ಬೇಕಾದರೂ ತಿರುಗಾಡಬಹುದು. ಸೇತುವೆಯನ್ನು ಈಗ ಸರಿ ಮಾಡಿದ್ದಾರೆ. ಅದರ ಮೇಲೆ ಬೆಂಚಿದೆ. ಕೂತೆ. ಅವಳಿಗೆ ಕೂರಲು ಬರುವುದಿಲ್ಲ ಪಾಪ, ಮೂಗನ್ನು ನನ್ನ ಹೆಗಲೊಳಗೆ ತೂರಿಸಿ ನಿಂತಳು.

ನಕ್ಕುಬಿಟ್ಟೆ. ನನ್ನ ನಗುವಿನ ಸದ್ದು ಕೇಳಿ ನಾನೇ ಗಾಬರಿಯಾದೆ.

ನನ್ನಾಕೆಯೂ ಹಿಂದುಳಿಯುತ್ತಿದ್ದಳು. ಅಂಗಡಿಯ ಗಾಜು, ಯಾರದೋ ಅಂಗಳದ ಹೂವು, ಬೀದಿಯ ನಾಯಿಮರಿ... ಎಲ್ಲದಕ್ಕೂ ನಿಲ್ಲಬೇಕು. ನಾನು ನಿಂತು ತಿರುಗಿ "ಬಾರೇ" ಎನ್ನಬೇಕು. ಜೀವಮಾನವಿಡೀ ಅದೇ ಸಿಡಿಮಿಡಿ. ಈಗ ರಸ್ತೆಯಲ್ಲಿ ನನ್ನಷ್ಟಕ್ಕೆ ನಡೆದು ಬೇಗ ಮನೆಗೆ ಬಂದುಬಿಡುತ್ತೇನೆ. ಬಂದು ಏನು ಮಾಡುವುದು.

ಕೊಡೆಯಮ್ಮನಿಗೂ ಅವಳಿಗೂ ಏನೇನೂ ಹೋಲಿಕೆ ಇಲ್ಲ. ಅದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ. ನಾಟ್ ಅಟ್ ಆಲ್.

ಫೆಬ್ರುವರಿ 22, ಶನಿವಾರ

ಇವತ್ತು ಕೊಡೆಯಮ್ಮನಿಗೆ ಹಾಲು ಉಕ್ಕಿದ ಕಥೆ ಹೇಳಿದೆ. ನಲ್ಲಿ ಸೋರುವುದು. ಮೊಣಕಾಲು. ಎದುರುಮನೆಯವನು ಎರವಲು ಒಯ್ದ ಏಣಿ ವಾಪಸು ಕೊಡದ್ದು. ಹೆಬ್ಬೆರಳಿನ ಗುಳಿಯ ಕಪ್ಪಿನ ವಿಷಯವನ್ನೂ ಹೇಳಿದೆ. ಚೆನ್ನಾಗಿ ಕೇಳಿಸಿಕೊಳ್ಳುತ್ತಾಳೆ, ನಡುವೆ ಬಾಯಿ ಹಾಕುವುದಿಲ್ಲ.

ಆಫೀಸಿತ್ತು ಮಗಳಿಗೆ. ಸಂಜೆ ಕೀ ಇದ್ದರೂ ಬೆಲ್ ಒತ್ತಿದಳು. ಧಡಬಡಿಸಿ ಟಿವಿ ಆರಿಸಿ ಬಾಗಿಲು ತೆಗೆದೆ, ಕಳ್ಳ ಸಿಕ್ಕಿಬಿದ್ದ ಹಾಗೆ. ಕೀ ಬ್ಯಾಗಿನಲ್ಲಿ ಸಿಗಲಿಲ್ಲವಂತೆ. ಮುಖ ಕೆಂಪಾಗಿತ್ತು. ನೆಗಡಿಯಾ ಎಂದರೆ ಹೂಂ ಎಂದಳು.

ಮಾರ್ಚ್ 3, ಸೋಮವಾರ

ಗೇಮ್ ಹೊರಗೆ ಬರುವ ದಿನ ಗೊತ್ತಾಗಿದೆ. ಮನೆಯಲ್ಲಿ ಆಡಿದ್ದು ಪೂರ್ತಿ ಮುಗಿಯಿತಾ, ಕೊನೆಯವರೆಗೂ ಸರಿ ಇದೆಯಾ ಎಂದು ಮಗಳು ಕೇಳಿದಳು. ತಟ್ಟೆ ತೊಳೆಯುತ್ತಿದ್ದೆ. ತಿರುಗದೆಯೇ ಮುಗಿಯಿತು, ಎಲ್ಲ ಸರಿ ಇದೆ ಎಂದೆ.

ನಾಲ್ಕನೇ ಸಂಜೆ ದಾಟಿಯೇ ಇಲ್ಲ ನಾನು.

ಆಫೀಸಿನಲ್ಲೂ ಆಡಿ ನೋಡಿದ್ದಾರಲ್ಲ. ಅವರು ತಟ್ಟಿ ಹಚ್ಚುವವರಲ್ಲ, ಅವರಿಗೆ ಏನೂ ಆಗಿರುವುದಿಲ್ಲ. ಒಬ್ಬ ಹೆಂಗಸು ಒಬ್ಬ ಮುದುಕನ ಹಿಂದೆ ನಡೆದರೆ ಯಾರ ಗಂಟು ಹೋಗುತ್ತದೆ.

ಮಾರ್ಚ್ 20, ಗುರುವಾರ

ಗೇಮ್ ಬಿಡುಗಡೆ. ಆಫೀಸಿನಲ್ಲಿ ಕೇಕ್ ಕತ್ತರಿಸಿದರಂತೆ, ನನಗೂ ಒಂದು ತುಂಡು ಬಂತು. ಹೊಸ ಹೊಸಬರು ಆಡುತ್ತಲೇ ಇದ್ದಾರೆ ಎಂದು ಮಗಳು ಫೋನ್ ಹಿಡಿದು ಮನೆಯೆಲ್ಲ ಓಡಾಡಿದಳು. ಹಣೆ ತುಂಬ ಬೆವರು, ಮುಖ ತುಂಬ ನಗು. ಅವಳನ್ನು ಹಾಗೆ ನೋಡಿ ಬಹಳ ದಿನವಾಗಿತ್ತು.

ಮಾರ್ಚ್ 23, ಭಾನುವಾರ. ಬೆಳಿಗ್ಗೆ 11

ಸಿಡಿಲು ಬಡಿದ ಹಾಗಾಗಿದೆ.

ಮಗಳು ಸ್ನಾನಕ್ಕೆ ಹೋದಾಗ ಅವಳ ಲ್ಯಾಪ್‌ಟಾಪ್ ತೆರೆದೇ ಇತ್ತು. ಆಡಿದವರ ಅಭಿಪ್ರಾಯಗಳು. ಮೇಲಿನಿಂದ ಕೆಳಗಿನವರೆಗೆ ಓದಿದೆ. ನನ್ನ ಇಂಗ್ಲಿಷಿಗೂ ಅರ್ಥವಾಗುವಷ್ಟು ಬೈಗುಳ. ಕೊಡೆ ಮಾರುವವಳು ಬೆನ್ನು ಬಿಡುತ್ತಿಲ್ಲ. ಸಂಜೆ ಮುಗಿಯುತ್ತಿಲ್ಲ. ಮುಂದೆ ಹೋಗಲಾಗುತ್ತಿಲ್ಲ, ಹಿಂದೆ ಬರಲಾಗುತ್ತಿಲ್ಲ, ಮೊದಲಿನಿಂದ ಆಡಬೇಕು. ಒಬ್ಬ ಇದಕ್ಕೆಂದೇ ರಜೆ ಹಾಕಿದ್ದನಂತೆ. ಒಬ್ಬಳು ಹೆರಿಗೆಯಾಗಿ ಹಾಸಿಗೆಯಲ್ಲಿದ್ದಾಳೆ, ಕಂದ ಮಲಗಿದಾಗ ಆಡಲು ತನಗಿದ್ದದ್ದು ಇದೊಂದೇ, ಅದನ್ನೂ ಕೆಡಿಸಿದಿರಿ ಎಂದು ಬರೆದಿದ್ದಾಳೆ. ಇಷ್ಟು ಚೆಂದದ ಊರು ಕಟ್ಟಿ ಬಾಗಿಲಿಗೆ ಬೀಗ ಜಡಿದಿದ್ದೀರಿ ಎಂದು ಇನ್ನೊಬ್ಬ.

ಅವರೂ ಎಲ್ಲೋ ಕೈತಪ್ಪಿ ಕಂಬ ತಟ್ಟಿರಬೇಕು. ಗುಂಡಿಗಳು ಪಕ್ಕಪಕ್ಕದಲ್ಲೇ ಇವೆ.

ನಡುವೆ ಒಬ್ಬರು, ಗಂಡೋ ಹೆಣ್ಣೋ ತಿಳಿಯದು, ಒಂದೇ ಸಾಲು ಬರೆದಿದ್ದರು. ನನ್ನ ಹಿಂದೆಯೂ ಬರುತ್ತಾಳೆ, ದಯವಿಟ್ಟು ಸರಿ ಮಾಡಬೇಡಿ ಎಂದು. ಅವರ ಮೇಲೆ ಉಳಿದವರೆಲ್ಲ ಹರಿಹಾಯ್ದಿದ್ದಾರೆ. ನಾನು ಬರೆದದ್ದಲ್ಲ. ಜಗತ್ತಿನಲ್ಲಿ ನನ್ನಂಥ ಇನ್ನೊಂದು ಪ್ರಾಣಿ ಇದೆ ಹಾಗಾದರೆ.

ಕೆಳಗೆ ಯಾರೋ ಕೇಳಿದ್ದರು — ಇದನ್ನು ಟೆಸ್ಟ್ ಮಾಡಿದ್ದು ಯಾರು, ನಿದ್ದೆ ಮಾಡುತ್ತಿದ್ದರಾ. ಬಚ್ಚಲಲ್ಲಿ ನೀರು ಬೀಳುವ ಸದ್ದು ನಿಂತಿತು. ಎದ್ದು ಬಂದೆ.

ಮಾರ್ಚ್ 24, ಸೋಮವಾರ

ಕೇಳಿಯೇಬಿಟ್ಟಳು. ಊಟ ಮುಗಿದಿತ್ತು, ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಿದ್ದಳು.

"ಅಪ್ಪಾ, ಒಂದು ಕೇಳ್ತೀನಿ. ನೀನು ಆಡುವಾಗ ಕೊಡೆ ಮಾರೋಳು ಯಾವತ್ತಾದ್ರೂ ನಿನ್ನ ಹಿಂದೆ ಬಂದಿದ್ಳಾ?"

"ಇಲ್ಲವಲ್ಲ."

ನನ್ನನ್ನೇ ನೋಡಿದಳು. "ಸರಿ," ಎಂದು ತಟ್ಟೆ ಎತ್ತಿಕೊಂಡು ಹೋದಳು.

ಎಷ್ಟು ಸಲೀಸಾಗಿ ಬಂತು ಬಾಯಿಂದ. ನಾನೇ ತಟ್ಟಿ ನೋಡಿದೆ ಆ ಮಾತನ್ನು. ಠಕ್.

ಮಾರ್ಚ್ 27, ಗುರುವಾರ

ಮಗಳು ಮಧ್ಯಾಹ್ನವೇ ಬಂದಳು. ಆಫೀಸಿನಲ್ಲಿ ಎಲ್ಲರೂ ನಾಲ್ಕು ದಿನದಿಂದ ಹಗಲಿಡೀ ಅದೇ ಬೀದಿಯಲ್ಲಿ ಆಡುತ್ತಿದ್ದಾರೆ, ಕೊಡೆಯಮ್ಮ ಯಾರ ಹಿಂದೆಯೂ ಬರುತ್ತಿಲ್ಲ. ಆಡಿದವರನ್ನು ಕೇಳಿದರೆ ಏನು ಒತ್ತಿದೆವೋ ನೆನಪಿಲ್ಲ ಎನ್ನುತ್ತಾರೆ. ತಪ್ಪು ಹೇಗೆ ಆಗುತ್ತದೆಂದು ತಿಳಿಯದೆ ಸರಿ ಮಾಡುವಂತಿಲ್ಲವಂತೆ. ದುಡ್ಡು ವಾಪಸು ಕೇಳುವವರು ಹೆಚ್ಚುತ್ತಿದ್ದಾರೆ. ಆ ಬೀದಿಯನ್ನು ಪಾಸ್ ಮಾಡಿದ್ದು ಇವಳು. ಬಾಸ್ — ಗಡ್ಡದವನು ಎಂದೇ ಮನೆಯಲ್ಲಿ ಅವನ ಹೆಸರು — ನಾಳೆಯವರೆಗೆ ನೋಡುತ್ತೇನೆ, ಆಮೇಲೆ ನೀನು ಬೇರೆ ಕಡೆ ನೋಡಿಕೊಳ್ಳುವುದು ಒಳ್ಳೆಯದು ಎಂದನಂತೆ. ಕೂಗಾಡಲೂ ಇಲ್ಲವಂತೆ. ಅದಕ್ಕೇ ಹೆಚ್ಚು ಭಯ ಆಯಿತು ಎಂದಳು.

ಹೇಳುವಾಗ ನನ್ನ ಮುಖ ನೋಡಲಿಲ್ಲ. ಕೇಳಲೂ ಇಲ್ಲ ಮತ್ತೆ.

ಅವಳು ರೂಮಿನ ಬಾಗಿಲು ಹಾಕಿಕೊಂಡ ಮೇಲೆ ಟಿವಿ ಸದ್ದು ಪೂರಾ ತಗ್ಗಿಸಿ ಕೊಡೆಯಮ್ಮನ ಬಳಿ ಹೋದೆ. ಸೇತುವೆವರೆಗೆ ನಡೆದೆವು. ಏನು ಹೇಳಲಿ. ನಾಳೆ ಬೆಳಿಗ್ಗೆ ನಾನು ಹೋಗಿ ತೋರಿಸುತ್ತೇನೆ ಎಂದೆ. ತೋರಿಸಿದರೆ ನೀನು ಇರುವುದಿಲ್ಲ ಎಂದೆ. ಮೂಗು ನನ್ನ ಹೆಗಲೊಳಗೆ. ಎಂಥ ಮುದುಕ ನಾನು, ಟಿವಿಯಲ್ಲಿರುವ ಬೊಂಬೆಯ ಕ್ಷಮೆ ಕೇಳುತ್ತಿದ್ದೆ. ಕೇಳಿಬಿಟ್ಟೆ.

ಮಾರ್ಚ್ 28, ಶುಕ್ರವಾರ. ಸಂಜೆ 6

ಒಂದೇ ದಿನದಲ್ಲಿ ಎಷ್ಟು ಸಲ ಬೆಚ್ಚಬೇಕು ಮನುಷ್ಯ.

ಮಗಳು ಹೊರಟ ಮೇಲೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಬಸ್ಸಿನಲ್ಲಿ ಹೋದೆ. ಹಲ್ಲಿನ ಡಾಕ್ಟರ ಮೆಟ್ಟಿಲಲ್ಲಿ ಕೆನ್ನೆ ಹಿಡಿದು ಕೂತವರನ್ನು ದಾಟಿ ಮೇಲೆ. ಮಗಳು ನನ್ನನ್ನು ನೋಡಿ ಎದ್ದು ನಿಂತಳು. ಗಡ್ಡದವನು, ಇನ್ನೂ ನಾಲ್ಕೈದು ಜನ, ದಪ್ಪ ಕನ್ನಡಕದ ಒಬ್ಬ ಹುಡುಗಿ. ಎಲ್ಲರ ಕಣ್ಣು ನಿದ್ದೆಗೆಟ್ಟ ಕಣ್ಣು. ಬಸ್ಸಿನುದ್ದಕ್ಕೂ ಇಂಗ್ಲಿಷಿನಲ್ಲಿ ಒಂದು ವಾಕ್ಯ ಜೋಡಿಸಿಕೊಂಡಿದ್ದೆ, ಐ ಹ್ಯಾವ್ ದಿ ಆನರ್ ಟು ಸಬ್ಮಿಟ್ ಎಂದೇನೋ. ಬಾಗಿಲಲ್ಲೇ ಮರೆತುಹೋಯಿತು. ರಿಮೋಟ್ ಕೊಡಿ ಎಂದೆ, ಅಷ್ಟೇ.

ಕಂಬದ ಮುಂದೆ ನಿಂತೆ. ಬೆರಳು ಮೇಲಿನ ಗುಂಡಿಯ ಮೇಲೆ. ಒತ್ತದಿದ್ದರೆ? ಒಂದು ಕ್ಷಣ ಹಾಗೂ ಅನಿಸಿತು, ಸುಳ್ಳೇಕೆ. ಪಕ್ಕದಲ್ಲಿ ಮಗಳು ಉಸಿರು ಹಿಡಿದು ನಿಂತಿದ್ದಳು.

ತಟ್ಟಿದೆ. ಹಚ್ಚಿದೆ. ನಡೆದೆ. ಕೊಡೆಯಮ್ಮ ಗಾಡಿ ಬಿಟ್ಟು ಹಿಂದೆ ಬಂದಳು.

ಇಡೀ ರೂಮು ಕುಣಿದುಬಿಟ್ಟಿತು. ಮೇಜು ಗುದ್ದಿದರು, ತಬ್ಬಿಕೊಂಡರು, ಒಬ್ಬನಂತೂ ನೆಲದ ಮೇಲೆ ಮಲಗಿಯೇಬಿಟ್ಟ. ತಪ್ಪು ಸಿಕ್ಕಿದ್ದಕ್ಕೆ ಇಷ್ಟು ಸಂತೋಷ. ನಾನು ರಿಮೋಟ್ ಹಿಡಿದೇ ಕೂತಿದ್ದೆ.

"ಅಂಕಲ್, ಕಂಬ ಯಾಕೆ ತಟ್ಟಿದ್ರಿ?" ಎಂದ ಗಡ್ಡದವನು.

ಕಪ್ಪಿನ ಕಥೆ ಹೇಳಿದೆ. ಯಾರೂ ನಗಲಿಲ್ಲ. ಆಗ ಕನ್ನಡಕದ ಹುಡುಗಿ, ಈ ಊರಿನ ಜನರ ಕಥೆಯೆಲ್ಲ ಬರೆದವಳಂತೆ, ಪರದೆಗೆ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು. ಕಂಬ ಅವಳ ಬಾಗಿಲಿಗೆ ತೀರ ಅಂಟಿಕೊಂಡಿದೆ. ಕಂಬಕ್ಕೆ ತಟ್ಟಿದ್ದನ್ನು ಆಟ ಬಾಗಿಲಿಗೆ ತಟ್ಟಿದ್ದು ಎಂದುಕೊಳ್ಳುತ್ತದೆ.

"ನೀವು ಕರೆದ್ರಿ ಅಂದ್ಕೊಂಡಿದಾಳೆ ಅಂಕಲ್. ಯಾಕೆ ಕರೆದ್ರಿ ಅಂತ ಕೇಳೋಕೆ ಹಿಂದೆ ಬರ್ತಾ ಇದಾಳೆ. ನೀವೇನೂ ಹೇಳಲ್ಲ. ಅದಕ್ಕೆ ಬರ್ತಾನೇ ಇದಾಳೆ."

ಏನಾದರೂ ಕೇಳಬೇಕಲ್ಲ ಎಂದು, ಸುಮ್ಮನೆ, ಅವಳು ಒಳಗೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ.

"ಮೇಲೆ ಕಿಟಕಿಲಿ ನೆರಳು ಇದೆಯಲ್ಲ, ಅದು ಅವಳ ಯಜಮಾನ್ರು. ಜಗಳ ಆಡ್ಕೊಂಡು ಮನೆ ಬಿಟ್ಟು ಹೋಗಿದ್ಳು. ನಾಲ್ಕನೇ ಸಂಜೆ ವಾಪಸ್ ಬಂದಿದಾಳೆ, ಆದ್ರೆ ಮೆಟ್ಲು ಹತ್ತೋಕೆ ಧೈರ್ಯ ಇಲ್ಲ, ಬಾಗ್ಲಲ್ಲೇ ಗಾಡಿ ಹಾಕ್ಕೊಂಡು ಕೂತಿದಾಳೆ. ನೀವು ದೀಪ ಹಚ್ಚಿದ್ರೆ ಹೋಗ್ತಾಳೆ. ಅವ್ರು ಮೊದಲ್ನೇ ಸಂಜೆಯಿಂದ ಕಾಯ್ತಾನೇ ಇರ್ತಾರೆ."

ಆ ನೆರಳನ್ನು ಕೆಟ್ಟ ಮಾಲು ಎಂದಿದ್ದೆ ನಾನು. ಒಂದೂವರೆ ತಿಂಗಳು ಅವನ ಕಿಟಕಿಯ ಕೆಳಗೇ, ಅವನ ಹೆಂಡತಿಯನ್ನು ಹಿಂದೆ ಹಾಕಿಕೊಂಡು, ಸೇತುವೆಗೂ ಬೀದಿಗೂ ತಿರುಗಾಡಿದ್ದೆ. ಕತ್ತೆತ್ತಿ ಒಮ್ಮೆಯೂ ನೋಡಿರಲಿಲ್ಲ. ಕಾಯುವುದು ಎಂದರೇನೆಂದು ತಿಳಿಯದವನೇನಲ್ಲ ನಾನು.

ರಾತ್ರಿ ಊಟಕ್ಕೆ ಮೊದಲು

ಬಸ್ಸಿನಲ್ಲಿ ಆದದ್ದು ಬರೆಯದೆ ಬಿಟ್ಟಿದ್ದೆ.

ಮಗಳ ಕೆಲಸ ಉಳಿಯಿತು. ಗಡ್ಡದವನು ಅವಳಿಗೆ ಏನೂ ಹೇಳಲಿಲ್ಲ, ನನಗೆ ಮಾತ್ರ ಒಂದು ಚಹಾ ತರಿಸಿಕೊಟ್ಟ. ಇಬ್ಬರೂ ಒಟ್ಟಿಗೆ ಬಂದೆವು. ಕಿಟಕಿಯ ಕಡೆ ನಾನು. ಸುಳ್ಳು ಹೇಳಿದ್ದೆ ಕಣಮ್ಮ ಎನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ಶುರುಮಾಡಿದಳು.

"ಅವತ್ತು ಬೆಲ್ ಮಾಡಿದ್ನಲ್ಲ, ಕೀ ನನ್ನ ಕೈಯಲ್ಲೇ ಇತ್ತು."

ಅರ್ಥವಾಗಲಿಲ್ಲ.

"ಮೊದಲೇ ಒಂದ್ಸಲ ಬಾಗಿಲು ತೆಗೆದಿದ್ದೆ ಅಪ್ಪಾ. ನೀನು ಮಾತಾಡ್ತಾ ಇದ್ದೆ. ಹಾಲು ಉಕ್ಕಿದ್ದು, ಏಣಿ, ಅಮ್ಮನ ಕಪ್ಪು... ಟಿವಿಲಿ ಕೊಡೆ ಮಾರೋಳು ನಿನ್ನ ಹಿಂದೆ ನಿಂತಿದ್ಳು. ಅಮ್ಮ ಹೋದ್ಮೇಲೆ ನೀನು ಅಷ್ಟು ಮಾತಾಡಿದ್ದು ನಾನು ಕೇಳೇ ಇರ್ಲಿಲ್ಲ. ಮೆಲ್ಲಗೆ ಬಾಗಿಲು ಹಾಕಿ ಕೆಳಗೆ ಹೋಗಿ ಕೂತೆ. ಆಮೇಲೆ ಬಂದು ಬೆಲ್ ಮಾಡಿದೆ."

ಬಸ್ಸು ಎಲ್ಲೋ ನಿಂತಿತು. ಯಾರೋ ಇಳಿದರು.

"ಅವತ್ತೇ ಆಫೀಸಲ್ಲಿ ಬಗ್ ಅಂತ ಬರೆದು ಕೊಡ್ಬೇಕಿತ್ತು. ಕೊಟ್ಟಿದ್ರೆ ಸರಿ ಮಾಡಿಬಿಡೋರು. ಅದಕ್ಕೇ ಕೊಡ್ಲಿಲ್ಲ. ಸಣ್ಣದು, ಯಾರಿಗೇನು ತೊಂದ್ರೆ ಅಂದ್ಕೊಂಡೆ. ನೀನು ಪೂರ್ತಿ ಮುಗೀತು ಅಂದ್ಯಲ್ಲ."

ಅಪ್ಪನೂ ಮಗಳೂ ಒಂದೇ ಮಾಲನ್ನು ಬಿರುಕಿದೆ ಎಂದು ಗೊತ್ತಿದ್ದೇ ಪಾಸ್ ಮಾಡಿದ್ದೆವು. ಒಬ್ಬರಿಗೊಬ್ಬರು ಹೇಳದೆ. ಸೋಮವಾರ ನಾನು ಇಲ್ಲವಲ್ಲ ಎಂದಾಗ ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಸರಿ ಎಂದು ತಟ್ಟೆ ಎತ್ತಿಕೊಂಡು ಹೋದಳು. ಕೆಲಸ ಹೋಗುವುದಿದ್ದರೂ.

ಅವಳ ಬ್ಯಾಗನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ. ಸ್ಟಾಪಿನಲ್ಲಿ ಇಳಿದು ನಡೆಯುವಾಗ ಅವಳು ಹಿಂದುಳಿದಳು, ಯಾವುದೋ ಅಂಗಡಿಯ ಗಾಜು ನೋಡುತ್ತ. ನಿಂತೆ. ಬಾರೇ ಎನ್ನಲಿಲ್ಲ. ಸುಮ್ಮನೆ ನಿಂತಿದ್ದೆ.

ಏಪ್ರಿಲ್ 2, ಬುಧವಾರ

ಸರಿ ಮಾಡಿದ ಗೇಮ್ ಎಲ್ಲರಿಗೂ ಕಳಿಸಿದ್ದಾರೆ. ಅಪ್‌ಡೇಟ್. ಬೈಯುವವರು ತಣ್ಣಗಾಗುತ್ತಿದ್ದಾರಂತೆ. ಹೆರಿಗೆಯಾದ ಹೆಣ್ಣುಮಗಳು ಥ್ಯಾಂಕ್ಸ್ ಎಂದು ಬರೆದಿದ್ದಾಳೆ, ಕಂದನ ಕಾಲಿನ ಫೋಟೋ ಹಾಕಿ.

ನಮ್ಮ ಡಬ್ಬಿಯ ಇಂಟರ್‌ನೆಟ್ ವೈರನ್ನು ಮಗಳು ಮೊದಲೇ ಕಿತ್ತಿಟ್ಟಿದ್ದಾಳೆ. ಇದಕ್ಕೆ ಅಪ್‌ಡೇಟ್ ಬರುವುದಿಲ್ಲ, ಹಳೆಯದೇ ಇರುತ್ತದೆ, ಯಾವಾಗಲೂ ಹೀಗೇ ಇಟ್ಟುಕೊಳ್ಳಬಹುದು ಎಂದಳು. ನಿನ್ನಿಷ್ಟ ಎಂದು ವೈರನ್ನು ಸುತ್ತಿ ಟಿವಿಯ ಪಕ್ಕ ಇಟ್ಟು ಹೋದಳು.

ನೋಡುತ್ತ ಕೂತಿದ್ದೇನೆ ಆ ವೈರನ್ನು.

ಏಪ್ರಿಲ್ 5, ಶನಿವಾರ

ಆಡಲಿಲ್ಲ. ಮೂರು ದಿನದಿಂದ ಆಡಿಲ್ಲ. ಹಾಕಿದರೆ ಅವಳು ಹಿಂದೆ ಬರುತ್ತಾಳೆ, ಯಾಕೆ ಕರೆದಿರಿ ಎಂದು ಕೇಳಲು. ನನ್ನ ಬಳಿ ಉತ್ತರ ಇಲ್ಲ. ಮೇಲೆ ಕಿಟಕಿಯಲ್ಲಿ ಅವನು.

ಏಪ್ರಿಲ್ 6, ಭಾನುವಾರ. ಸಂಜೆ 5

ಮಧ್ಯಾಹ್ನ ನಾನೇ ವೈರು ಸಿಕ್ಕಿಸಿದೆ. ತಪ್ಪು ತೂತಿಗೆ. ಮಗಳು ಬಂದು ಸರಿ ತೂತಿಗೆ ಸಿಕ್ಕಿಸಿದಳು, ಏನೂ ಕೇಳದೆ. ಪರದೆಯ ಮೇಲೆ ಒಂದು ಉದ್ದ ಗೆರೆ ನಿಧಾನ ತುಂಬಿತು. ಅಷ್ಟರಲ್ಲಿ ಚಹಾ ಮಾಡಿದೆ. ಹಾಲು ಉಕ್ಕಲಿಲ್ಲ. ಕೈ ತಾನಾಗಿ ಗುಳಿಯ ಕಪ್ಪಿಗೆ ಹೋಯಿತು, ಸುರಿದ ಮೇಲೇ ಗೊತ್ತಾದದ್ದು. ಹೆಬ್ಬೆರಳು ಸರಿಯಾಗಿ ಕೂತಿತು. ತಟ್ಟಿ ನೋಡಲಿಲ್ಲ. ಚಹಾ ಚೆನ್ನಾಗಿತ್ತು, ಸ್ವಲ್ಪ ಸಕ್ಕರೆ ಜಾಸ್ತಿ.

ಮಗಳು ಕುರ್ಚಿಯ ಮೇಲೆ ಕಾಲು ಮಡಚಿ ನನ್ನ ಪಕ್ಕ ಕೂತಳು. ನಾಲ್ಕನೇ ಸಂಜೆ. ಬೀದಿಯ ತುದಿ. ಕೊಡೆಯಮ್ಮ ಗಾಡಿಯ ಹಿಂದೆ. ಕಂಬಕ್ಕೆ ಒಂದು ತಟ್ಟು ತಟ್ಟಿದೆ, ಅಭ್ಯಾಸ.

ಠಣ್ ಎಂದಿತು.

ಬೆಚ್ಚಿ ಮಗಳ ಕಡೆ ನೋಡಿದೆ. ಮುಂಚೆ ಕಂಬಕ್ಕೆ ಸದ್ದೇ ಇರಲಿಲ್ಲ. ಕನ್ನಡಕದ ಹುಡುಗಿ ಹಾಕಿದ್ದಂತೆ, ಎಲ್ಲ ಕಂಬಗಳಿಗೂ, ಯಾರಿಗೂ ಹೇಳದೆ. ನಿನಗೇ ಹಾಕಿದ್ದು ಅಪ್ಪಾ ಎಂದಳು.

ದೀಪ ಹಚ್ಚಿದೆ. ಕೊಡೆಯಮ್ಮ ಎದ್ದಳು. ನಾನು ನಾಲ್ಕು ಹೆಜ್ಜೆ ನಡೆದು ನಿಂತೆ. ಹಿಂದೆ ಸದ್ದಿಲ್ಲ. ತಿರುಗಿದರೆ ಅವಳು ಬಾಗಿಲಲ್ಲಿ, ಚಿಲಕದ ಮೇಲೆ ಕೈ. ಒಂದು ಸಲ ನನ್ನ ಕಡೆ ನೋಡಿದಳು. ಇದೂ ಬಗ್ಗಾ ಎಂದು ಕೇಳಿದೆ. ಮಗಳು ಬಾಯಿ ತೆರೆದುಕೊಂಡು ಪರದೆ ನೋಡುತ್ತಿದ್ದಳು, ಚಿಕ್ಕಂದಿನಲ್ಲಿ ನೋಡುತ್ತಿದ್ದ ಹಾಗೆ. ಹೊಲಿಗೆ ಹುಡುಕುವ ಕಣ್ಣಲ್ಲ ಅದು.

ಕೊಡೆಯಮ್ಮ ಒಳಗೆ ಹೋದಳು.

ರಿಮೋಟನ್ನು ಮಗಳ ಕೈಗೆ ಕೊಟ್ಟು, ಟಿವಿಗೆ ಬೆನ್ನು ಮಾಡಿ, ಮೇಜಿನ ಮುಂದೆ ಕೂತು ಇದನ್ನು ಬರೆಯುತ್ತಿದ್ದೇನೆ. ನೋಡಲಾಗಲಿಲ್ಲ. ಆದರೆ ಕಿವಿ ಕೇಳುತ್ತದಲ್ಲ... ಮರದ ಮೆಟ್ಟಿಲು ಹತ್ತುವ ಸದ್ದು, ಒಂದೊಂದೇ. ನಡುವೆ ನಿಂತಳು. ಮತ್ತೆ ಹತ್ತುತ್ತಿದ್ದಾಳೆ. ಮಗಳು ನನ್ನ ತೋಳು ಹಿಡಿದು ಎಳೆಯುತ್ತಿದ್ದಾಳೆ, ಅಪ್ಪಾ ಬರೆದಿದ್ದು ಸಾಕು, ನೋಡು, ಕಿಟಕಿಲಿ ನೆರಳು ಕದಲ್ತಾ ಇದೆ, ತಿರುಗ್ತಾ ಇದಾನೆ, ಅವನ ಮುಖ —